ಅವಳಿಗಳ ಊರು ಕಂಡ ಸೂಜಿ

ಚಿನ್ನದ ಹಾಳೆಯನ್ನು ಮುಟ್ಟದೆ, ಮೇಲಿಂದಲೇ ತಡಕಿ ಪರಮಾಣುಗಳ ಚಿತ್ರ ಬರೆಯುವ ಸೂಜಿಯೊಂದಕ್ಕೆ ಅಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇಲ್ಲಿರುವವರೆಲ್ಲ ಅವಳಿಗಳು" ಎಂದು ಅದು ಕಂಪ್ಯೂಟರಿಗೆ ಸಾರಿತು.

ಹಾಳೆಯ ಮೇಲೆ ದೂರದೂರ ಕೂತಿದ್ದ ಪರಮಾಣುಗಳಲ್ಲೊಂದು ಕೇಳಿತು: "ಸೂಜಿರಾಯರೇ, ನಾನು ಒಂಟಿ. ನನ್ನ ಅವಳಿ ಎಲ್ಲಿದ್ದಾನೆ?"

"ನಿನ್ನ ಎಡಕ್ಕೆ. ಎಲ್ಲರಿಗೂ ಎಡಕ್ಕೇ, ಅಷ್ಟೇ ದೂರದಲ್ಲಿ. ಎಂಥ ಶಿಸ್ತಿನ ಊರಪ್ಪಾ ಇದು."

"ಶಿಸ್ತು ನಮ್ಮದಲ್ಲ ಸ್ವಾಮಿ. ನಿನ್ನೆ ನೀವು ಮುಗ್ಗರಿಸಿ ನಮ್ಮವನೊಬ್ಬನನ್ನು ಮೂಗಿಗೆ ಅಂಟಿಸಿಕೊಂಡು ಹೋದಿರಿ. ಈಗ ನಿಮಗೆ ಎರಡು ತುದಿ. ಒಬ್ಬೊಬ್ಬರನ್ನೂ ಎರಡೆರಡು ಸಲ ನೋಡುತ್ತಿದ್ದೀರಿ."

ಸೂಜಿ ನಾಚಿ ಮೂಗು ಕೊಡವಿತು. ಉದುರಿದ ಪರಮಾಣು ಆ ಒಂಟಿಯ ಪಕ್ಕಕ್ಕೇ ಬಂದು ಕೂತಿತು. ಸೂಜಿ ಹಾಳೆಯನ್ನೆಲ್ಲ ಮತ್ತೆ ತಡಕಿತು. ಉಳಿದವರೆಲ್ಲ ಒಂಟಿಗಳು, ಇದೊಂದೇ ನಿಜವಾದ ಜೋಡಿ. "ಜೋಡಿ ಸಿಕ್ಕಿತು" ಎಂದು ಅದು ಕುಣಿಯುತ್ತ ಸಾರಿತು.

ಕಂಪ್ಯೂಟರು ಹೇಳಿತು: "ಮೊದಲು ಮೂಗು ಒರೆಸಿಕೊಳ್ಳಿ."