ಸೊಂಟದ ಮೇಲೆ ನಾಲಿಗೆಯ ದೂರು

ಗುರುಮಲ್ಲಪ್ಪನವರ ಮನೆಗೆ ಬೀಗರು ಬಂದಿದ್ದ ದಿನವೇ ಅಡುಗೆಮನೆಯಲ್ಲಿ ಗ್ಯಾಸ್ ಮುಗಿಯಿತು.

"ನೀವು ಕೂತ್ಕೊಳ್ಳಿ ಬೀಗರೇ, ತುಂಬಿದ ಸಿಲಿಂಡರ್ ಎತ್ತೋದು ನನಗೆ ಹೂವು ಎತ್ತಿದ ಹಾಗೆ" ಎಂದಿತು ಗುರುಮಲ್ಲಪ್ಪನವರ ನಾಲಿಗೆ.

"ನನ್ನನ್ನು ಒಂದು ಮಾತು ಕೇಳಬಾರದಿತ್ತೇ?" ಎಂದು ಅವರ ಸೊಂಟ ಗೊಣಗಿತು.

"ಮರ್ಯಾದೆ ಪ್ರಶ್ನೆ, ಸುಮ್ಮನೆ ಎತ್ತು!" ಎಂದು ನಾಲಿಗೆ ಗದರಿತು.

ಸೊಂಟ ಎತ್ತಲು ಹೋಗಿ ಚಳಕ್ಕನೆ ಹಿಡಿದುಕೊಂಡಿತು. ಬಗ್ಗಿದ ಗುರುಮಲ್ಲಪ್ಪನವರು ಬಗ್ಗಿದಂತೆಯೇ ಉಳಿದರು. ಕೊನೆಗೆ ಬೀಗರೇ ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ಆಸ್ಪತ್ರೆ ತಲುಪುವವರೆಗೂ ನಾಲಿಗೆ, "ನನ್ನದೇನೂ ತಪ್ಪಿಲ್ಲ, ಈ ಹಾಳು ಸೊಂಟಕ್ಕೇ ಕಸುವಿಲ್ಲ" ಎಂದು ಬೈಯುತ್ತಲೇ ಇತ್ತು.

ಡಾಕ್ಟರು ಟಾರ್ಚ್ ಹಿಡಿದು, "ಎಲ್ಲಿ, ನಾಲಿಗೆ ಹೊರಗೆ ಚಾಚಿ" ಎಂದರು.

ಅಷ್ಟು ನೋವಿನಲ್ಲೂ ಸೊಂಟ ನಕ್ಕುಬಿಟ್ಟಿತು. "ಭಲೇ ಡಾಕ್ಟರೇ! ಎಲುಬಿಲ್ಲದ ಕಳ್ಳನನ್ನೇ ಮೊದಲು ಹಿಡಿದಿರಿ!"

ಹೊರಗೆ ಚಾಚಿಕೊಂಡಿದ್ದ ನಾಲಿಗೆಗೆ ಮಾತೇ ಹೊರಡಲಿಲ್ಲ.