ಸೊನ್ನೆ ಹೇಳಿದ ಡಬ್ಬಿ

“ಅವ್ವಾ, ನಾನು ‘ಹೇಗಿದ್ದೀರಿ’ ಎಂದು ಕೇಳಿದರೆ ಬಂದವರೆಲ್ಲ ‘ಚೆನ್ನಾಗಿದ್ದೇವೆ’ ಎನ್ನುತ್ತಾರೆ. ಅದೇ ಜನ ನಿಮ್ಮ ಮುಂದೆ ಕೂತರೆ ಅಳುತ್ತಾರೆ. ಯಾಕೆ ಹೀಗೆ?”

ಕೇಳಿದವನು ಶಿಷ್ಯ. ಮಠಕ್ಕೆ ಬರುವವರನ್ನು ಬಾಗಿಲಲ್ಲೇ ಮಾತಾಡಿಸಿ, ಯಾರನ್ನು ಅವ್ವನವರ ಬಳಿ ಬಿಡಬೇಕು, ಯಾರಿಗೆ ಪ್ರಸಾದ ಕೊಟ್ಟು ಕಳಿಸಿದರೆ ಸಾಕು ಎಂದು ನೋಡುವ ಕೆಲಸ ಅವನದು. ಅವನು ಆ ಕೆಲಸಕ್ಕೆ ನಿಂತ ಮೇಲೆ ಸಾಲು ಬೇಗ ಕರಗುತ್ತಿತ್ತು. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಆದರೆ ಅಂದು ಬೆಳಿಗ್ಗೆ ಅವನು ಪ್ರಸಾದ ಕೊಟ್ಟು ಕಳಿಸಿದ ಒಬ್ಬ ಹೆಂಗಸು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅವ್ವನವರ ಕಣ್ಣಿಗೆ ಬಿದ್ದಿದ್ದಳು. ಅವರ ಪಕ್ಕ ಕೂತವಳು ಮಧ್ಯಾಹ್ನದವರೆಗೂ ಅತ್ತಳು. ಅದು ಅವನನ್ನು ಚುಚ್ಚುತ್ತಿತ್ತು.

ಅವ್ವನವರು ಕಾಲಿಗೆ ಚಕ್ರ ಕಟ್ಟಿಕೊಂಡು ದೇಶವೆಲ್ಲ ತಿರುಗಿ, ಮೊಣಕಾಲು ಇನ್ನು ಸಾಕು ಎಂದ ಮೇಲಷ್ಟೇ ಒಂದು ಕಡೆ ಕೂತವರು. ಅವರ ಕತೆಗಳಲ್ಲಿ ರಾಜರು ಬರುತ್ತಿರಲಿಲ್ಲ.

“ಕೂತುಕೋ,” ಎಂದರು. ಕತೆ ಶುರುವಾಯಿತು.

ಒಂದು ಊರಿನ ಹೊರಗೆ ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆ ಇತ್ತು. ಅದರ ಕೊಳೆನೀರು ಹೊಲಗಳನ್ನು ದಾಟಿ ಹೋಗಿ ದೂರದ ಒಂದು ಗುಂಡಿಗೆ ಬೀಳುತ್ತಿತ್ತು. ಗುಂಡಿ ಬಾವಿಯಷ್ಟು ಆಳ. ಮೇಲೆ ಕಬ್ಬಿಣದ ಮುಚ್ಚಳ. ಒಳಗಿನ ಪಂಪಿನ ಬಾಯಿಗೆ ಸಿಪ್ಪೆ ಕಟ್ಟಿಕೊಂಡಾಗಲೆಲ್ಲ ಒಬ್ಬ ಕೆಳಗಿಳಿದು ಬಿಡಿಸಬೇಕು, ಇನ್ನೊಬ್ಬ ಮೇಲೆ ಹಗ್ಗ ಹಿಡಿದು ನಿಲ್ಲಬೇಕು.

ಅಂಥ ನೀರು ನಿಂತು ಕೊಳೆತರೆ ವಿಷದ ಗಾಳಿ ಹುಟ್ಟುತ್ತದೆ. ಅದು ಆ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವರು ಮೊದಲು ಮುಚ್ಚಳ ತೆಗೆದು, ದೂರದ ಬದುವಿನ ಮೇಲೆ ಕೂತು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಊರಿನ ದೊಡ್ಡವರನ್ನೆಲ್ಲ ಒಂದು ಸುತ್ತು ಬೈದು ಮುಗಿಸಿದ ಮೇಲೆ ಇಳಿಯುತ್ತಿದ್ದರು. ಅಷ್ಟರಲ್ಲಿ ಗುಂಡಿಯೊಳಗೆ ಗಾಳಿ ಆಡಿರುತ್ತಿತ್ತು. ಕಾರ್ಖಾನೆಯ ಮೇಲ್ವಿಚಾರಕನಿಗೆ ಆ ಚಹಾ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪಂಪು ನಿಂತರೆ ಕಾರ್ಖಾನೆ ನಿಲ್ಲುತ್ತದೆ. ಇವರು ಇಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾರೆ.

ಅವನು ವಿಷಗಾಳಿಯನ್ನು ಅಳೆಯುವ ಸೆನ್ಸರ್ ತರಿಸಿದ. ಗುಂಡಿಯ ಹತ್ತಿರ ಕರೆಂಟಿಲ್ಲ, ಅಲ್ಲಿಂದ ಕಾರ್ಖಾನೆಯವರೆಗೆ ತಂತಿ ಎಳೆಯುವ ಹಾಗೂ ಇಲ್ಲ. ಹಾಗಾಗಿ ಸೆನ್ಸರ್ ಜೊತೆಗೆ ಒಂದು ನಿಸ್ತಂತು ಕನ್ವರ್ಟರ್ ಕೂಡ ಬಂತು. ಬ್ಯಾಟರಿಯ ಮೇಲೆ ಬದುಕುವ ಸಣ್ಣ ಡಬ್ಬಿ ಅದು. ಎರಡು ತಂತಿಯಲ್ಲಿ ಸೆನ್ಸರನ್ನು ಕೇಳುವುದು, ಬಂದ ಉತ್ತರವನ್ನು ಗಾಳಿಯಲ್ಲಿ ದೂರಕ್ಕೆ ಕಳಿಸುವುದು, ಇಷ್ಟೇ ಅದರ ಕೆಲಸ. ಕಾರ್ಖಾನೆಯ ನೀರಿನ ಟ್ಯಾಂಕಿನ ತುದಿಯಲ್ಲಿ ಆಂಟೆನಾ ಒಂದು ಅದನ್ನು ಹಿಡಿದುಕೊಳ್ಳುತ್ತಿತ್ತು.

ಡಬ್ಬಿಯನ್ನು ಕೂರಿಸಿ ಹೊಂದಿಸಲು ಒಬ್ಬ ತಂತ್ರಜ್ಞೆ ಬಂದಳು. ಊರಿಂದ ಊರಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಬೈಕಿನ ಮೇಲೆ ಹೋಗಿ ಇದೇ ಕೆಲಸ ಮಾಡುವವಳು. ಕೈ ಚುರುಕು, ಮಾತು ಕಡಿಮೆ.

ಸೆನ್ಸರ್ ತಾನಾಗಿ ಮಾತಾಡುವುದಿಲ್ಲ. ಅದರ ನಂಬರ್ ಹಿಡಿದು ಕರೆಯಬೇಕು. ಅದಕ್ಕೆ ಒಗ್ಗುವ ವೇಗದಲ್ಲಿ, ಅದಕ್ಕೆ ಗೊತ್ತಿರುವ ಪ್ರಶ್ನೆಯನ್ನೇ ಕೇಳಬೇಕು. ಒಂದು ತಪ್ಪಿದರೂ ಅದು ತುಟಿ ಬಿಚ್ಚುವುದಿಲ್ಲ. ತಂತ್ರಜ್ಞೆ ಬದುವಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಿಸಿಲಲ್ಲಿ ಕೂತಳು. ತಂತಿ ಅದಲುಬದಲು ಮಾಡಿದಳು. ನಂಬರ್ ಬದಲಿಸಿದಳು. ವೇಗ ಇಳಿಸಿದಳು. ಮೌನ. ಹೊತ್ತು ಇಳಿಯುವಾಗ ಕೊನೆಗೂ ಉತ್ತರ ಬಂತು. ಸೊನ್ನೆ. ವಿಷವಿಲ್ಲ. ಇಡೀ ದಿನ ಬಾಯಿ ಬಿಡದಿದ್ದದ್ದು ಮಾತಾಡಿತಲ್ಲ ಎಂಬ ಸಂತೋಷಕ್ಕೆ ಅವಳು ತನ್ನಷ್ಟಕ್ಕೇ ನಕ್ಕಳು.

ಇನ್ನೊಂದು ಹೊಂದಿಕೆ ಉಳಿದಿತ್ತು. ಬ್ಯಾಟರಿ ಉಳಿಯಲೆಂದು ಡಬ್ಬಿ ಸೆನ್ಸರನ್ನು ಮಲಗಿಸಿಯೇ ಇಡುತ್ತದೆ. ಸರದಿ ಬಂದಾಗ ಎಬ್ಬಿಸುತ್ತದೆ, ಅದರ ಒಡಲು ಬೆಚ್ಚಗಾಗುವವರೆಗೆ ಕಾಯುತ್ತದೆ, ಆಮೇಲೆ ಕೇಳುತ್ತದೆ, ಮತ್ತೆ ಮಲಗಿಸುತ್ತದೆ. ಬೆಚ್ಚಗಾಗುವ ಮೊದಲೇ ಕೇಳಿದರೂ ಸೆನ್ಸರ್ ಉತ್ತರ ಕೊಡುತ್ತದೆ. ಆದರೆ ಆ ಹೊತ್ತಿನಲ್ಲಿ ಅದಕ್ಕೆ ಬಾಯಿ ಇರುತ್ತದೆ, ಮೂಗು ಇರುವುದಿಲ್ಲ. ಅವಳು ಅದಕ್ಕೆ ಬೇಕಾದಷ್ಟು ಹೊತ್ತನ್ನೇ ಕೊಟ್ಟಿದ್ದಳು.

ಮೇಲ್ವಿಚಾರಕ ಬಂದು ಬಗ್ಗಿ ನೋಡಿದ.

“ಇಷ್ಟೊತ್ತು ಎಚ್ಚರ ಇದ್ರ ಬ್ಯಾಟರಿ ಎಷ್ಟ ದಿನ ಬರತೈತಿ ಮೇಡಂ?”

“ದೀಪಾವಳಿವರೆಗೆ ಬರಬಹುದು.”

“ಎರಡ ವರ್ಷ ಬರತೈತಿ ಅಂತ ತರಸೇನಿ. ಉತ್ತರ ಬಂದ್ರ ಸಾಕಲ್ಲ? ಅದಕ್ಕೇನ್ ಜಳಕಾ ಮಾಡಿಸಿ, ಹಣೀಗೆ ಕುಂಕುಮಾ ಹಚ್ಚಿ ಕುಂಡ್ರಿಸಬೇಕೇನ್ರಿ?”

ಸುತ್ತ ನಿಂತವರು ನಕ್ಕರು. ಅವಳಿಗೂ ನಗು ಬಂತು. ಕತ್ತಲಾಗುವ ಮೊದಲು ಊರು ಸೇರುವುದಿತ್ತು. ಎಚ್ಚರದ ಹೊತ್ತನ್ನು ಕಣ್ಣು ಮಿಟುಕಿಸುವಷ್ಟಕ್ಕೆ ಇಳಿಸಿ ಮತ್ತೆ ಕೇಳಿ ನೋಡಿದಳು. ಆಗಲೂ ಸೊನ್ನೆ. ನಿಧಾನಕ್ಕೆ ಕೇಳಿದಾಗಲೂ ಸೊನ್ನೆ, ಅವಸರದಲ್ಲಿ ಕೇಳಿದಾಗಲೂ ಸೊನ್ನೆ. ಎರಡೂ ತಾಳೆಯಾದವು ಎಂದುಕೊಂಡಳು. ಅವಳು ಬರುತ್ತಾಳೆಂದು ಅಂದು ಬೆಳಿಗ್ಗೆಯೇ ಗುಂಡಿಯನ್ನು ಖಾಲಿ ಮಾಡಿ ತೊಳೆದು, ಮುಚ್ಚಳ ತೆಗೆದಿಟ್ಟಿದ್ದರು. ಅಲ್ಲಿ ಮೂಸುವುದಕ್ಕೆ ಏನೂ ಇರಲಿಲ್ಲ. ಅದು ಅವಳ ತಲೆಗೆ ಹೋಗಲಿಲ್ಲ.

ಅಂದಿನಿಂದ ಚಹಾ ನಿಂತಿತು. ಪಂಪು ಕಟ್ಟಿದರೆ ಗುಂಡಿಯವರು ಕಚೇರಿಗೆ ಫೋನ್ ಮಾಡಿ ಕೇಳುವರು, ಮೇಲ್ವಿಚಾರಕ ಪರದೆ ನೋಡಿ ಹೇಳುವನು, ಅವರು ಮುಚ್ಚಳ ತೆಗೆದು ಇಳಿಯುವರು. ಆ ಇಬ್ಬರಿಗೂ ಇದೇ ಹಿತವಾಗಿತ್ತು. ಕೆಲಸ ಬೇಗ ಮುಗಿಯುತ್ತಿತ್ತು, ಬೈಗುಳ ತಪ್ಪಿತ್ತು. ಮಳೆಗಾಲವೆಲ್ಲ ನೀರು ಹರಿಯುತ್ತಲೇ ಇತ್ತು. ಯಾರಿಗೂ ಏನೂ ಆಗಲಿಲ್ಲ.

ಮಳೆ ಮುಗಿದ ಮೇಲೆ ತಂತ್ರಜ್ಞೆ ಬೇರೊಂದು ಡಬ್ಬಿ ಕೂರಿಸಲು ಅದೇ ಕಾರ್ಖಾನೆಗೆ ಬಂದಳು. ದುರಸ್ತಿಗೆಂದು ಕಾರ್ಖಾನೆ ಕೆಲವು ದಿನ ನಿಂತು, ಕೊಳೆನೀರು ಗುಂಡಿಯಲ್ಲೇ ನಿಂತಿತ್ತು; ಅಂದು ಎಲ್ಲ ಮತ್ತೆ ಶುರುವಾಗುವುದರಲ್ಲಿತ್ತು. ಹೊಲದ ದಾರಿಯಲ್ಲಿ ಬರುವಾಗ ಕೆಟ್ಟ ನಾತ ಮೂಗಿಗೆ ಹೊಡೆದಿತ್ತು. ಸತ್ತ ನಾಯಿ ಇರಬೇಕು ಎಂದುಕೊಂಡು ಬೈಕು ಓಡಿಸಿದ್ದಳು.

ಮೇಲ್ವಿಚಾರಕ ಅವಳನ್ನು ಪರದೆಯ ಮುಂದೆ ಕೂರಿಸಿದ. “ನೋಡ್ರಿ ಮೇಡಂ ನಿಮ್ಮ ಕೈಗುಣ! ಕುಂಡರಿಸಿದಾಗಿಂದ ಒಂದ ದಿನಾನೂ ಸೊನ್ನಿ ಬಿಟ್ಟು ಅಲುಗಿಲ್ಲ.”

ಅವಳು ನೋಡಿದಳು. ಪರದೆಯ ಮೇಲೆ ಗೆರೆಯೊಂದು ಈ ತುದಿಯಿಂದ ಆ ತುದಿಗೆ ನೆಟ್ಟಗೆ ಮಲಗಿತ್ತು. ಅವಳು ಎಷ್ಟೋ ಗುಂಡಿಗಳ ಗೆರೆ ನೋಡಿದ್ದಳು. ಎಂಥ ಶುದ್ಧವಾದ ಗುಂಡಿಯದೂ ನಿದ್ದೆಯಲ್ಲಿರುವವರ ಎದೆಯ ಹಾಗೆ ಸ್ವಲ್ಪ ಏಳುತ್ತದೆ, ಸ್ವಲ್ಪ ಇಳಿಯುತ್ತದೆ. ಇದು ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ದಾರಿಯಲ್ಲಿ ಬಂದ ನಾತ ನೆನಪಾಯಿತು.

ಅಷ್ಟರಲ್ಲಿ ಮೇಲ್ವಿಚಾರಕನ ಫೋನ್ ರಿಂಗಾಯಿತು. ಗುಂಡಿಯಿಂದ.

“ಸರ, ಡಬ್ಬಿ ಏನ್ ಅಂತೈತ್ರಿ?”

“ಸೊನ್ನಿ ಅಂತೈತಿ. ಇಳೀರಿ, ಲಗೂನ ಮುಗಸ್ರಿ.”

ತಂತ್ರಜ್ಞೆಯ ಕೈ ಲ್ಯಾಪ್‌ಟಾಪ್ ಚೀಲದ ಮೇಲೆ ಹೋಯಿತು. ಬಾಯಿ ಬಿಟ್ಟರೆ ಇಲ್ಲಿಯ ಕೆಲಸ ಹೋಗುತ್ತದೆ, ಸುದ್ದಿ ಹಬ್ಬಿದರೆ ಬೇರೆ ಊರಿನದೂ ಹೋಗುತ್ತದೆ. ತನ್ನ ಅನುಮಾನವೇ ಸುಳ್ಳಾಗಿದ್ದರೂ ಇರಬಹುದು. ಇನ್ನೊಂದು ಸಲ ಸರಿಯಾಗಿ ಕೇಳಿ ನೋಡೋಣ ಎಂದು ಲ್ಯಾಪ್‌ಟಾಪ್ ತೆರೆದು, ಸೆನ್ಸರನ್ನು ಪೂರ್ತಿ ಬೆಚ್ಚಗಾಗಲು ಬಿಡು ಎಂದು ಡಬ್ಬಿಗೆ ಆಜ್ಞೆ ಬರೆದಳು. ಆದರೆ ಡಬ್ಬಿ ತಾನು ಮಾತಾಡಿ ಮುಗಿಸಿದ ಕೂಡಲೇ ಒಂದು ಕ್ಷಣ ಕಿವಿ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅದು ಈಗಷ್ಟೇ ಮಾತಾಡಿ ಮಲಗಿತ್ತು. ಮುಂದಿನ ಸರದಿಯವರೆಗೆ ಅದಕ್ಕೆ ಏನೂ ಕೇಳಿಸದು.

ಅಲ್ಲಿಯವರೆಗೆ ಮನುಷ್ಯನೊಬ್ಬ ಗುಂಡಿಯ ತಳ ಮುಟ್ಟಿರುತ್ತಾನೆ.

“ಇಳಿಯಬೇಡಿ ಅಂತ ಹೇಳಿ,” ಎಂದಳು. “ಆ ಸೊನ್ನೆ ಸುಳ್ಳು. ನಾನು ಮಾಡಿದ ತಪ್ಪು.”

“ಏನ್ ಮೇಡಂ, ಮಳಿಗಾಲ ಪೂರ್ತಿ ಇಳದಾರ, ಯಾರಿಗೇನಾಗೇತಿ?” ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಫೋನ್ ಹಚ್ಚಿದ. ಅದು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಗುಂಡಿಗೆ ಇಳಿಯುವವನು ಅಂಗಿ ಬಿಚ್ಚಿ ಗಿಡಕ್ಕೆ ಹಾಕುತ್ತಾನೆ. ಫೋನ್ ಅಂಗಿಯ ಜೇಬಿನಲ್ಲಿರುತ್ತದೆ.

ಅವಳು ಬೈಕು ಹತ್ತಿದಳು. ಹೊಲದ ದಾರಿ ಉದ್ದವಾಗಿತ್ತು. ಎದುರಿಗೆ ಮೇವಿನ ಗಾಡಿಯೊಂದು ಬಂತು, ಅವಳು ಬದುವಿನ ಮೇಲೆಯೇ ಹತ್ತಿಸಿದಳು. ನಾತ ಹೆಚ್ಚಾಗುತ್ತಾ ಹೋಯಿತು. ಗುಂಡಿಯ ಬಾಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಅಂಗೈಯಲ್ಲಿ ತಂಬಾಕು.

“ಮೇಲೆ ಕರೀರಿ ಅವರನ್ನ!”

ಹಗ್ಗ ಹಿಡಿದವನಿಗೆ ಏನೂ ತಿಳಿಯಲಿಲ್ಲ. ಒಳಗಿನಿಂದ ದನಿ ಬಂತು. ಗುಂಡಿಗೆ ಇಳಿಯುವವನು ಯಮನೂರಪ್ಪ, ಏಣಿಯ ನಡುವಿನಿಂದ ತಲೆ ಎತ್ತಿದ್ದ.

“ಯಾಕ್ರಿ ಅಕ್ಕಾರ, ಗಾಬರಿ ಆಗೀರಿ? ಇಳಿಯೂ ಮುಂದ ಕೊಳತ ತತ್ತಿ ನಾತ ಇತ್ತ್ರಿ. ಈಗ ಅದೂ ಹೋತು. ಎಲ್ಲಾ ಛಲೋ ಐತಿ!”

ಆ ವಿಷಗಾಳಿ ಮನುಷ್ಯನಲ್ಲಿ ಮೊದಲು ಕೊಲ್ಲುವುದು ಮೂಗನ್ನು. ನಾತ ಹೋಯಿತು ಎಂದು ಅನಿಸಿದರೆ, ಹೋದದ್ದು ನಾತವಲ್ಲ.

“ಎಳೀರಿ!” ಎಂದು ಕಿರುಚಿದಳು.

ಏಣಿಯ ಮೆಟ್ಟಿಲಿನಿಂದ ಅವನ ಕೈ ಜಾರಿತು. ಹಗ್ಗ ಒಮ್ಮೆಲೇ ಬಿಗಿದು, ಹಿಡಿದವನನ್ನು ಗುಂಡಿಯ ಅಂಚಿಗೆ ಎಳೆಯಿತು. ಅವಳು ಹಿಂದಿನಿಂದ ಹಗ್ಗ ಹಿಡಿದು ಕಾಲೂರಿದಳು. ಇಬ್ಬರೂ ಎಳೆದರು. ಅಂಗೈ ಸುಲಿಯಿತು. ಕೆಳಗೆ ಅವನ ಮೈ ಏಣಿಗೆ ಬಡಿಯುವ ಸದ್ದು ಒಂದೊಂದಾಗಿ ಮೇಲೆ ಬಂತು. ಹೊರಗೆ ಎಳೆದು, ಗಾಳಿ ಬರುವ ಕಡೆಗೆ ಬದುವಿನ ಮೇಲೆ ಮಲಗಿಸಿದರು. ಅವನ ಎದೆ ನೆಟ್ಟಗೆ ಮಲಗಿತ್ತು. ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

“ಯಮನೂರಪ್ಪಾ! ಏ ದೋಸ್ತ, ಕಣ್ಣ ತಗಿಯೋ! ನಿನ್ನ ಹೇಂತಿಗೆ ನಾ ಏನಂತ ಹೇಳ್ಲೋ!”

ಅವಳು ಮೊಣಕಾಲೂರಿ ಅವನ ಎದೆಯನ್ನು ಒತ್ತಿದಳು. ಒತ್ತಿದಳು. ತನ್ನ ಕೈಯ ರಕ್ತ ಅವನ ಎದೆಗೆ ಹತ್ತಿದ್ದನ್ನು ನೋಡಿದಳು, ಮತ್ತೆ ಒತ್ತಿದಳು. ಎಷ್ಟೋ ಹೊತ್ತಾದ ಮೇಲೆ ಅವನು ಕೆಮ್ಮಿದ. ವಾಂತಿ ಮಾಡಿಕೊಂಡ. ಕಣ್ಣು ತೆರೆದು, ಯಾರ ಗುರುತೂ ಸಿಗದವನಂತೆ ಆಕಾಶ ನೋಡಿದ.

ಅವಳ ಫೋನ್ ರಿಂಗಾಯಿತು. ಮೇಲ್ವಿಚಾರಕ. ಡಬ್ಬಿಯ ಸರದಿ ಬಂದು, ಅವಳ ಆಜ್ಞೆ ಅದಕ್ಕೆ ಮುಟ್ಟಿ, ಸೆನ್ಸರ್ ಈ ಸಲ ಬೆಚ್ಚಗಾಗಿ ಮೂಸಿ ನೋಡಿ ಉತ್ತರ ಕೊಟ್ಟಿತ್ತು.

“ಮೇಡಂ, ನಿಮ್ಮ ಡಬ್ಬಿ ಕೆಟ್ಟೈತ್ರಿ! ಏನೇನೋ ದೊಡ್ಡ ನಂಬರ್ ತೋರ್ಸಾಕತ್ತೈತಿ!”

ಅವ್ವನವರು ಕತೆಯನ್ನು ಅಲ್ಲಿಗೆ ಬಿಟ್ಟರು.

ಶಿಷ್ಯ ದಡ್ಡನಲ್ಲ.

“ತಿಳಿಯಿತು ಅವ್ವಾ,” ಎಂದ. “ಅವರು ಬೆಚ್ಚಗಾಗುವ ಮೊದಲೇ ನಾನು ಉತ್ತರ ತೆಗೆದುಕೊಂಡು ಕಳಿಸಿಬಿಡುತ್ತಿದ್ದೆ. ನಾಳೆಯಿಂದ ಕೇಳಿದ ಮೇಲೆ ಕಾಯುತ್ತೇನೆ.”

ಅವ್ವನವರು ಅವನನ್ನೇ ನೋಡುತ್ತಾ ಕೂತರು. ಅವನು ಮೊದಲು ನಕ್ಕ, ಆಮೇಲೆ ನೆಲ ನೋಡಿದ, ಆಮೇಲೆ ಶಲ್ಯದಿಂದ ಕಣ್ಣೊರೆಸಿಕೊಂಡ. ಆಗ ಅವರು ಕೇಳಿದರು:

“ಇಷ್ಟು ದಿನ ಬಂದವರೆಲ್ಲ ಚೆನ್ನಾಗಿರುವುದು ಬೇಕಾಗಿದ್ದದ್ದು ಯಾರಿಗಪ್ಪಾ?”