ಪರದೆಯಾಚೆಯ ಕೈ

"ಕೇಳಿರಪ್ಪೋ ಕೇಳಿರಿ! ರಾಜಕುಮಾರಿ ಕನಕಾಂಗಿಯ ಮೂರು ಒಗಟು ಬಿಡಿಸಿದವನಿಗೆ ಆಕೆಯ ಕೈ ಹಿಡಿಯುವ ಭಾಗ್ಯ, ಅರ್ಧ ರಾಜ್ಯ! ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಹೊನ್ನಮಟ್ಟಿಯ ಅರಸನ ಡಂಗುರ ಕೇಳಿದಾಗ ದುರುಗ ಸಂತೆಯಲ್ಲಿ ಮದುಮಗಳೊಬ್ಬಳ ಮುಂಗೈ ಹಿಡಿದು ಕೂತಿದ್ದ. ತಾಯಿ ಸಣ್ಣಕ್ಕ ಹಚ್ಚೆ ಚುಚ್ಚುವವಳು. ಚುಚ್ಚುವ ಕಡೆ ಚರ್ಮವನ್ನು ಚಿವುಟಿ ನೋಡಿ, ಬಿಗಿಯಾಗಿ ಎಳೆದು ಹಿಡಿಯುವುದು ಇವನ ಕೆಲಸ.

"ಅವ್ವಾ, ನಾನೂ ಹೋಗಿ ಬರ್ಲಾ?"

"ತಲೆ ಗಟ್ಟಿ ಐತಂತ ಬಂಡೆಗೆ ಹಾಯ್ತಾರೇನೋ?" ಎಂದಳು ಸಣ್ಣಕ್ಕ. ಇದ್ದವನೊಬ್ಬ ಮಗ, ಅವಳಿಗೆ ಹೆದರಿಕೆಯಾಯಿತು. ಆದರೂ ದುರುಗ ಹೋದ. ಅರ್ಧ ರಾಜ್ಯದ ಆಸೆ ಯಾರನ್ನು ಬಿಟ್ಟಿದೆ?

ಆಸ್ಥಾನದಲ್ಲಿ ಅಡ್ಡಲಾಗಿ ಪರದೆ ಕಟ್ಟಿತ್ತು. ಆ ದಿನ ಒಗಟು ಬಿಡಿಸಲು ನಿಂತವರು ಮೂವರು: ಪಂಡಿತರ ಮಗ, ದಳವಾಯಿಯ ಮಗ, ದುರುಗ. ಮಂತ್ರಿ ಮೊದಲ ಒಗಟು ಹೇಳಿದ. "ಹುಟ್ಟುವಾಗಲೇ ತೊಟ್ಟ ಅಂಗಿ. ಹೊಲಿಗೆಯಿಲ್ಲ, ಮೈ ಬೆಳೆದಂತೆ ಬೆಳೆಯುತ್ತದೆ, ಕಳಚಿದರೆ ಪ್ರಾಣವಿಲ್ಲ. ಯಾವುದದು?"

"ಕರ್ಣನ ಕವಚ!" ಎಂದ ಪಂಡಿತರ ಮಗ.

"ಕವಚ ಕೊಟ್ಟ ಮೇಲೂ ಕರ್ಣ ಬದುಕಿದ್ದನಲ್ಲಪ್ಪ," ಎಂದು ಮಂತ್ರಿ ಕಾವಲಿನವರಿಗೆ ಕಣ್ಣು ಮಾಡಿದ.

"ಚರ್ಮ," ಎಂದ ದುರುಗ.

"ನಾನೂ ಅದನ್ನೇ ಹೇಳುವವನಿದ್ದೆ," ಎಂದ ದಳವಾಯಿಯ ಮಗ. ದಳವಾಯಿಯ ಮಗನಾದ್ದರಿಂದ ಅದೂ ಉತ್ತರವೆನಿಸಿತು.

"ರೋಗವಿಲ್ಲದ ಮೈಯಲ್ಲೂ ಈ ಅಂಗಿ ಎಲ್ಲ ಕಡೆ ಒಂದೇ ತೆರನಲ್ಲ. ಎಳೆದು ಬಿಟ್ಟರೆ ಎಲ್ಲಿ ಬೇಗ ಮರಳುತ್ತದೆ, ಎಲ್ಲಿ ತಡ?" ಎಂದು ಮಂತ್ರಿ ಎರಡನೆಯದನ್ನು ಕೇಳಿದ.

"ತೋಳಿನ ಒಳಮೈಯಲ್ಲಿ ಬೇಗ. ಮೊಣಕೈ ಮೇಲೆ, ಅಂಗೈ ಹಿಂದೆ ತಡ," ಎಂದ ದುರುಗ. ದಳವಾಯಿಯ ಮಗ ಇದಕ್ಕೂ ತಲೆಯಾಡಿಸಿದ.

"ಮೂರನೆಯದಕ್ಕೆ ತಲೆಯಾಡಿಸಿದರೆ ಸಾಲದು. ಆಚೆ ಕೂತವಳ ಮುಖ ಕಾಣದು, ದನಿ ಕೇಳದು. ಆಕೆಯ ಪ್ರಾಯವೆಷ್ಟು?" ಎಂದ ಮಂತ್ರಿ.

ಪರದೆಯ ಸೀಳಿನಿಂದ ಕೈಯೊಂದು ಹೊರಬಂತು. ಕಪ್ಪಾದ, ಒರಟು ಕೈ. ದಳವಾಯಿಯ ಮಗ ಅಂಗೈ ಹಿಂಬದಿ ಚಿವುಟಿದ. ಚರ್ಮ ಎದ್ದದ್ದು ಮೆಲ್ಲಗೆ ಇಳಿಯಿತು. "ಅರವತ್ತು ದಾಟಿದ ಮುದುಕಿ!" ಎಂದು ಮೀಸೆ ತಿರುವಿದ. ಮಂತ್ರಿ ದುರುಗನತ್ತ ತಿರುಗಿದ.

ದುರುಗನೂ ಚಿವುಟಿದ. ಹಾಗೆಯೇ ಇಳಿಯಿತು. ಅವನ ಕುತ್ತಿಗೆ ತಣ್ಣಗಾಯಿತು. ಮುದುಕಿ ಎನ್ನಬೇಕೆಂದು ಬಾಯಿ ತೆರೆದವನಿಗೆ ಅವ್ವನ ಮಾತು ನೆನಪಾಯಿತು: ಒಂದೇ ಕಡೆ ಚಿವುಟಿ ಸೂಜಿ ಎತ್ತಬೇಡ.

"ತಾಯೀ, ಕೈ ಮಗುಚ್ತೀರಾ?"

ಕೈ ಮಗುಚಿತು. ಬಳೆಗಳಿಗಿಂತ ಮೇಲೆ, ಮುಂಗೈಯ ಒಳಮೈಯನ್ನು ಚಿವುಟಿ ಬಿಟ್ಟ. ಚರ್ಮ ಥಟ್ಟನೆ ಮರಳಿತು. ಇನ್ನೂ ಮೇಲೆ ಚಿವುಟಿದ; ಅಲ್ಲೂ ಹಾಗೆಯೇ.

"ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡು. ಅಂಗೈ ಹಿಂದೆ ಇರೋದು ಬಿಸಿಲಿನ ವಯಸ್ಸು ಬುದ್ಧೀ. ಇವರ ವಯಸ್ಸು ಬಿಸಿಲು ಬೀಳದ ಮರೆಯಲ್ಲೈತೆ."

ಪರದೆ ಸರಿಯಿತು. ಕೂತಿದ್ದವಳು ಕನಕಾಂಗಿಯೇ. ಚಿಕ್ಕಂದಿನಿಂದ ಹೂದೋಟದ ಬಿಸಿಲಲ್ಲಿ ತಾನೇ ಮಣ್ಣು ಕೆದಕಿದ ಹುಡುಗಿ. "ಇದುವರೆಗೆ ಈ ಕೈ ಮುಟ್ಟಿದವರೆಲ್ಲ ಮುದುಕಿ ಅಂದರು," ಎಂದಳು. "ಒಂದು ಕಡೆ ಮುಟ್ಟಿ ಇಡೀ ಮನುಷ್ಯನನ್ನು ಅಳೆಯುವವರ ಕೈಗೆ ನಾಡು ಕೊಡುವುದು ಹೇಗೆ?"

ಅರಸ ಮಾತು ಉಳಿಸಿಕೊಂಡ. ದುರುಗ ಕೇಳಿಕೊಂಡಿದ್ದರಿಂದ ಸೋತವರ ತಲೆಗಳು ಅವರವರ ಹೆಗಲ ಮೇಲೆಯೇ ಊರು ಸೇರಿದವು.

ಮದುವೆಗೆ ಮುನ್ನ ಸಣ್ಣಕ್ಕ ಸೊಸೆಗೆ ಹಚ್ಚೆ ಹಾಕಲು ಬಂದಳು. ಕನಕಾಂಗಿ ಅಂಗೈ ಹಿಂಬದಿ ಚಾಚಿದಳು.

"ಅಲ್ಲಿ ಬ್ಯಾಡ," ಎಂದ ದುರುಗ. "ಚರ್ಮ ಸಡಿಲ, ಚುಕ್ಕೆ ಚದುರ್ತದೆ. ಒಳಮೈ ಚೆಂದ."

"ಎಲ್ಲರೂ ಮುದುಕಿ ಅಂದ ಜಾಗದಲ್ಲೇ ಇರಲಿ," ಎಂದಳು ಅವಳು. "ನೀನು ಗಟ್ಟಿಯಾಗಿ ಹಿಡಿದುಕೋ."

ದುರುಗ ಗಟ್ಟಿಯಾಗಿ ಹಿಡಿದುಕೊಂಡ.